ಸಂಗವ್ವನ ಪ್ಲೇಟು

ಬದರೀನಾಥರ ಮನೆಯಲ್ಲಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಕುಕ್ಕರ್ ಕೂಗುವಂತಿರಲಿಲ್ಲ, ಮಿಕ್ಸಿ ತಿರುಗುವಂತಿರಲಿಲ್ಲ. ಹಿತ್ತಲಿನ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದೂ ಕೂಡದೆಂದು ಅವರ ಹೆಂಡತಿ ಜಯಾ ನಲ್ಲಿಯ ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿ, ಅದರ ತುದಿಯನ್ನು ಬಕೆಟ್ಟಿನೊಳಗೆ ಇಳಿಬಿಡುತ್ತಿದ್ದರು. ಆರ್.ಟಿ. ನಗರದ ಆ ಬೀದಿಯಲ್ಲಿ ಸೊಪ್ಪು ಮಾರುವವಳಿಗೂ ಇದು ಗೊತ್ತಿತ್ತು. ಅವಳು ಬದರೀನಾಥರ ಗೇಟು ದಾಟುವವರೆಗೆ ಬಾಯಿ ಮುಚ್ಚಿಕೊಂಡಿದ್ದು, ಪಕ್ಕದ ಮನೆ ಬಂದ ಕೂಡಲೆ ಎರಡರಷ್ಟು ಕೂಗುತ್ತಿದ್ದಳು.

ಇಷ್ಟೆಲ್ಲ ಮೌನ ಸಂಗೀತಕ್ಕೆ ಎಂದು ಬೀದಿಯವರು ತಿಳಿದಿದ್ದರು. ಹಾಗೇನೂ ಇರಲಿಲ್ಲ. ಹಾಡಿದವರ ಹೆಸರು ಬದರೀನಾಥರ ಬಾಯಲ್ಲಿ ಬಂದದ್ದು ಅಪರೂಪ. ಬರುತ್ತಿದ್ದುದೆಲ್ಲ ಯಂತ್ರದ ಮಾತು: ಜಪಾನಿನ ಟರ್ನ್‌ಟೇಬಲ್ಲು, ಇಂಗ್ಲೆಂಡಿನ ಆಂಪ್ಲಿಫೈಯರು, ಭಾವಮೈದುನ ಕುವೈತಿನಿಂದ ಬರುವಾಗ ಬನಿಯನ್ನುಗಳ ಮಧ್ಯೆ ಸುತ್ತಿ ತಂದ ಜರ್ಮನಿಯ ಹೆಡ್‌ಫೋನು. ಗಾಜಿನ ಬೀರುವಿನಲ್ಲಿ ನಾನೂರು ಎಲ್ಪಿಗಳು ಬೆನ್ನು ತೋರಿಸಿಕೊಂಡು ನಿಂತಿದ್ದವು. ಅವುಗಳಲ್ಲಿ ಮುನ್ನೂರರಷ್ಟು ಒಂದೊಂದೇ ಸಲ ತಿರುಗಿದ್ದವು; ತಿರುಗಿದಷ್ಟೂ ಗೆರೆ ಸವೆಯುತ್ತದೆ ಎನ್ನುವ ಭಯ ಅವರಿಗೆ. ಕೆಚ್ಚಲು ಸವೆದೀತೆಂದು ಹಾಲು ಕರೆಯದೆ ಹಸು ಸಾಕುವವನು ಹಳ್ಳಿಯಲ್ಲಿದ್ದರೆ ಅವನ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಲೇಔಟಿನಲ್ಲಿ ಅಂಥವನನ್ನು ರಸಿಕ ಎನ್ನುತ್ತಾರೆ.

ಹೆಡ್‌ಫೋನು ಬಂದಮೇಲೆ ಭಾನುವಾರದ ಗೋಷ್ಠಿಯ ರೀತಿಯೇ ಬದಲಾಯಿತು. ಬದರೀನಾಥರು ಅದನ್ನು ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದು, ಬ್ಯಾಂಕಿನ ವೇಣುಗೋಪಾಲನೂ ಇನ್ನಿಬ್ಬರೂ ಎದುರಿಗೆ ಕೂತು ಅವರ ಮುಖ ನೋಡುವುದು. ಅವರ ಹುಬ್ಬು ಮೇಲೇರಿದರೆ ಇವರೂ ತಲೆದೂಗುವರು. ಹತ್ತು ನಿಮಿಷವಾದಮೇಲೆ ಅದು ವೇಣುಗೋಪಾಲನ ಕಿವಿಗೆ ಬರುತ್ತಿತ್ತು. ಅವನು ಎರಡು ನಿಮಿಷ ಕೇಳಿ, "ಬದರಿ, ತಂಬೂರಿ ತಂತಿ ಎಡಗಿವಿ ಹಿಂದೇನೇ ಇದೆ ಕಣೋ" ಎನ್ನುತ್ತಿದ್ದ. ಪ್ರತಿ ವಾರವೂ ಅದೇ ಮಾತು. ತಂಬೂರಿಯಿಲ್ಲದ ರೆಕಾರ್ಡಿಗೂ ಒಮ್ಮೆ ಹಾಗೆಂದು, ಯಾರ ಗಮನಕ್ಕೂ ಬಾರದೆ ಪಾರಾಗಿದ್ದ.

ಈ ಮನೆಗೆ ಮಹಾಲಿಂಗಪ್ಪ ಬಂದದ್ದು ಒಂದು ಕಲ್ಲಿನ ದೆಸೆಯಿಂದ. ಬದರೀನಾಥರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ಮ್ಯಾನೇಜರ್. ಮಹಾಲಿಂಗಪ್ಪ ಅದೇ ಕಾರ್ಖಾನೆಯಲ್ಲಿ, ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ಮಾಡುವ ಪ್ಯಾಟರ್ನ್ ಶಾಪಿನ ಕೆಲಸಗಾರ. ಗದಗಿನ ಕಡೆಯವನು, ಬಂದು ಒಂಬತ್ತು ವರ್ಷವಾಗಿತ್ತು, ಬಾಗಲಗುಂಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಟರ್ನ್‌ಟೇಬಲ್ಲು ಕಲ್ಲಿನ ಮೇಲೆ ಕೂತರೆ ಮಾತ್ರ ಅದುರುವುದಿಲ್ಲ ಎಂದು ಬದರೀನಾಥರು ಯಾವುದೋ ವಿಲಾಯತಿ ಪತ್ರಿಕೆಯಲ್ಲಿ ಓದಿದ್ದೇ, ಮಹಾಲಿಂಗಪ್ಪನನ್ನು ಕರೆಸಿ ಅಳತೆ ಕೊಟ್ಟರು. ಅವನು ಸೋಲದೇವನಹಳ್ಳಿಯ ಬಂಡೆಯಲ್ಲಿ ಕಲ್ಲು ಹೊಡೆಯುವ ಮುನಿಯಲ್ಲಪ್ಪನ ಬಳಿಗೆ ಹೋದ.

"ಯಾವ ದೇವ್ರನ್ನ ಕೂರ್ಸಾಕೆ?" ಎಂದ ಮುನಿಯಲ್ಲಪ್ಪ.

"ದೇವ್ರಲ್ಲೋ ಮಾರಾಯ. ಹಾಡಿನ ಮಿಷನ್ನು."

"ಇಂಗೂ ಉಂಟಾ? ನಾವು ಇಂತಾ ಕಲ್ಲ ಮ್ಯಾಗೆ ಬಟ್ಟೆ ಒಗೀತೀವಿ" ಎಂದು ಮುನಿಯಲ್ಲಪ್ಪ ಎರಡು ದಿನದಲ್ಲಿ ಕಲ್ಲು ಬಿಡಿಸಿ ನಯಮಾಡಿ ಕೊಟ್ಟ. ಮಹಾಲಿಂಗಪ್ಪ ಅದನ್ನು ಟೆಂಪೋದಲ್ಲಿ ತಂದು, ರಸಮಟ್ಟವಿಟ್ಟು, ಕೆಳಗೆ ತಗಡಿನ ಚೂರು ಕೊಟ್ಟು ಕೊಟ್ಟು ಅರ್ಧ ದಿನ ಕೂರಿಸಿದ. ಕೆಲಸ ಮುಗಿದಮೇಲೆ ಬದರೀನಾಥರು ಸಂತೋಷದಲ್ಲಿದ್ದುದನ್ನು ನೋಡಿ, ಒಂದು ವಾರದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಆಡಿದ.

"ಸಾಹೇಬ್ರ, ನಮ್ಮ ದೊಡ್ಡವ್ವಂದು ಒಂದು ಪ್ಲೇಟ್ ಐತ್ರಿ. ಆಕಿನ ಹಾಡಿದ್ದು. ಒಂದ್ಸಲ ಕೇಳಸ್ತೀರೇನ್ರಿ?"

"ಯಾವ ಕಾಲದ್ದಯ್ಯಾ?"

"ಆಕಿಗೆ ಹದಿನಾರು ವರ್ಷ ಇದ್ದಾಗಿಂದ್ರಿ. ನಾಟಕದ ಹಾಡು."

"ಓ, ಎಪ್ಪತ್ತೆಂಟರ ಸ್ಪೀಡು." ಬದರೀನಾಥರು ನಕ್ಕರು. "ತಗೊಂಬಾ. ಇದ್ರಲ್ಲಿ ಎಪ್ಪತ್ತೆಂಟೂ ಇದೆ, ಅದಕ್ಕೆ ಬೇರೆ ಸೂಜೀನೂ ತರಿಸಿಟ್ಟಿದೀನಿ. ನಾಟಕದೋರ ಕಿರುಚಾಟ ಈ ಮಿಷನ್ನಲ್ಲಿ ಹೇಗ್ ಬರುತ್ತೋ ನಾವೂ ನೋಡ್ಬೇಕು."

ದೊಡ್ಡವ್ವ ಸಂಗವ್ವನಿಗೆ ಈಗ ಅರವತ್ತು. ಹುಡುಗಿಯಾಗಿದ್ದಾಗ ನಾಟಕ ಕಂಪನಿಯಲ್ಲಿದ್ದಳು. ಹುಬ್ಬಳ್ಳಿಗೆ ಪ್ಲೇಟು ತೆಗೆಯುವವರು ಬಂದಾಗ ಕಂಪನಿಯ ಮಾಲೀಕ ಅವಳಿಂದ ಒಂದು ಹಾಡು ಹಾಡಿಸಿದ್ದ. ಕೈಹಿಡಿಯಲು ಬಂದ ಅರಸನನ್ನು ಗೌಳಗಿತ್ತಿಯೊಬ್ಬಳು ತುಂಬಿದ ಸಭೆಯಲ್ಲಿ ಹೀಯಾಳಿಸುವ ಹಾಡು. ಒಂದು ಬದಿಗೆ ಹಿಡಿಸದೆ ಅರ್ಧ ಈ ಮಗ್ಗುಲಿಗೆ, ಅರ್ಧ ಆ ಮಗ್ಗುಲಿಗೆ ಆಗಿತ್ತು. ಪ್ಲೇಟು ಅಚ್ಚಾಗಿ ಅವಳ ಕೈಗೆ ಬರುವ ಹೊತ್ತಿಗೆ ಕಂಪನಿ ಮುರಿದಿತ್ತು, ಅವಳಿಗೆ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ನಾಟಕದ ಹೆಸರೆತ್ತುವಂತಿರಲಿಲ್ಲ. ಅವಳು ಪ್ಲೇಟನ್ನು ಹಳೇ ಸೀರೆಯಲ್ಲಿ ಸುತ್ತಿ ಬಿತ್ತನೆ ಕಾಳಿನ ಗುಡಾಣದಲ್ಲಿ ಹುಗಿದಿಟ್ಟಳು. ಗಂಡ ತೀರಿಕೊಂಡು, ಅವಳು ಅಕ್ಕರೆಯಿಂದ ಸಾಕಿದ್ದ ತಂಗಿಯ ಮಗ ಮಹಾಲಿಂಗಪ್ಪನ ಮನೆಗೆ ಬರುವ ಹೊತ್ತಿಗೆ ಊರಿನ ಗ್ರಾಮಫೋನುಗಳೆಲ್ಲ ಅಟ್ಟ ಸೇರಿದ್ದವು. ನಾಲ್ಕು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿದಾಗ ದನಿಯೂ ಹೋಯಿತು. ಈಗ ಬರುವುದು ಪಿಸುಮಾತು ಮಾತ್ರ. ಆ ಪಿಸುಮಾತಿನಲ್ಲೇ ಬೈಯುವುದನ್ನು ಅವಳು ಕಲಿತುಕೊಂಡಿದ್ದಳು.

ಆ ಪ್ಲೇಟಿನಲ್ಲಿ ತಾನು ಹಾಡಿದ್ದನ್ನು ಅವಳು ಈವರೆಗೆ ಒಮ್ಮೆಯೂ ಕೇಳಿರಲಿಲ್ಲ. ಹಾಡಿದ್ದಷ್ಟೇ ನೆನಪು. ಅವಳ ದನಿ ಇನ್ನೆಲ್ಲೂ ಉಳಿದಿರಲಿಲ್ಲ.

ಭಾನುವಾರ ಇಬ್ಬರೂ ಬಾಗಲಗುಂಟೆಯಿಂದ ಹೊರಟು ಯಶವಂತಪುರದಲ್ಲಿ ಬಸ್ಸು ಬದಲಿಸಿ ಆರ್.ಟಿ. ನಗರಕ್ಕೆ ಬಂದಾಗ ಹತ್ತೂವರೆ. ದಾರಿಯುದ್ದಕ್ಕೂ ಸಂಗವ್ವ ಪ್ಲೇಟನ್ನು ಮಡಿಲಿನಿಂದ ಇಳಿಸಲಿಲ್ಲ. ಒಳಗೆ ಗೋಷ್ಠಿ ನಡೆದಿತ್ತು. ಅವರನ್ನು ವೆರಾಂಡದಲ್ಲಿ ಕೂರಿಸಿದರು. ಜಯಾ ಕಾಲಿನ ಗೆಜ್ಜೆ ಬಿಚ್ಚಿಟ್ಟು ಮೆಲ್ಲಗೆ ಬಂದು ಎರಡು ಲೋಟ ಕಾಫಿ ಕೊಟ್ಟು, "ಇನ್ನೊಂದ್ ಸೈಡ್ ಇದೆ ಅಮ್ಮಾ, ಮುಗಿಯತ್ತೆ ಈಗ" ಎಂದರು.

"ಯಾಕವ್ವ, ಮನ್ಯಾಗ ಯಾರಿಗೆ ಆರಾಮಿಲ್ಲ?" ಎಂದಳು ಸಂಗವ್ವ.

"ಎಲ್ರೂ ಆರಾಮಾಗಿದಾರೆ. ಹಾಡು ಕೇಳ್ತಿದಾರೆ."

ಸಂಗವ್ವ ಕಿವಿಗೊಟ್ಟಳು. ಎಲ್ಲಿಯೂ ಹಾಡು ಕೇಳಲಿಲ್ಲ. ಕಿಟಕಿಯಿಂದ ಇಣುಕಿದಾಗ ಒಬ್ಬ ಗಂಡಸು ಎರಡು ಕಿವಿಗೂ ಕರೀ ಬಟ್ಟಲು ಕವುಚಿಕೊಂಡು ಕೂತಿದ್ದ. ಉಳಿದ ಮೂವರು ಅವನಿಗೆ ಎಲ್ಲಿ ನೋವಾಗುತ್ತಿದೆಯೋ ಎನ್ನುವ ಹಾಗೆ ನೋಡುತ್ತಿದ್ದರು. ಅವಳು ಮಹಾಲಿಂಗಪ್ಪನ ಕಡೆ ತಿರುಗಿ, "ಮೂರ ಮಂದಿ ಕೂಡಿ ಒಬ್ಬನ ಊಟ ನೋಡಾಕತ್ತಾರ" ಎಂದಳು.

ಮುಕ್ಕಾಲು ಗಂಟೆಯ ಮೇಲೆ ಒಳಗೆ ಕರೆದರು. ಬದರೀನಾಥರು ಸೀರೆಯ ಗಂಟು ಬಿಚ್ಚಿ ಪ್ಲೇಟನ್ನು ಬೆಳಕಿಗೆ ಹಿಡಿದರು. ಮಧ್ಯದ ಕಾಗದದ ಮೇಲೆ ಅರಿಶಿನ ಕುಂಕುಮ ಒಣಗಿತ್ತು. ಆಯುಧಪೂಜೆಯ ದಿನ ಮಹಾಲಿಂಗಪ್ಪನ ಹೆಂಡತಿ ಅವನ ಉಳಿ, ಕೀಸುಳಿಗಳ ಜೊತೆಗೆ ಇದನ್ನೂ ಇಟ್ಟು ಪೂಜೆ ಮಾಡುತ್ತಿದ್ದಳು.

"ನೋಡಿಲ್ಲಿ, ಪ್ಲೇಟಿಗೆ ಪೂಜೆ!" ಎಂದರು ಬದರೀನಾಥರು. ವೇಣುಗೋಪಾಲ ತೊಡೆ ತಟ್ಟಿ ನಕ್ಕ.

ಆಮೇಲೆ ಅವರ ಪೂಜೆ ಶುರುವಾಯಿತು. ಯಾವ ರೆಕಾರ್ಡೇ ಆಗಲಿ, ತೊಳೆಯದೆ ಅವರು ಸೂಜಿ ಇಡುತ್ತಿರಲಿಲ್ಲ. ಮೇಜಿನ ಮೇಲೆ ಮಡಿ ಟವೆಲು ಹಾಸಿದರು. ಜಯಾರ ಮದುವೆಯ ವೆಲ್ವೆಟ್ ರವಿಕೆಯಿಂದ ಕತ್ತರಿಸಿ ಹೊಲಿಸಿದ ಮೆತ್ತೆಯನ್ನು ಡಬ್ಬಿಯಿಂದ ತೆಗೆದರು. ಸ್ಪಿರಿಟ್ಟಿನ ಸೀಸೆಯ ಬಿರಡೆ ಬಿಚ್ಚಿ ಮೆತ್ತೆಯನ್ನು ನೆನೆಸಿದರು. ಕೋಣೆಯಲ್ಲಿ ಮಾತು ನಿಂತಿತು. ತೊಳೆಯುವಾಗ ಮಾತಾಡಿದರೆ ಎಂಜಲು ಹಾರುತ್ತದೆ ಎಂಬ ನಿಯಮವೂ ಅಲ್ಲಿತ್ತು.

ಮೊದಲ ಸುತ್ತಿಗೇ ಮೆತ್ತೆ ಕಂದುಬಣ್ಣಕ್ಕೆ ತಿರುಗಿತು. ಬದರೀನಾಥರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು.

"ನಲವತ್ತು ವರ್ಷದ ಕೊಳೆ!"

ಇನ್ನಷ್ಟು ಸ್ಪಿರಿಟ್ಟು ಸುರಿದು ಇನ್ನಷ್ಟು ಒತ್ತಿ ತಿಕ್ಕಿದರು. ಕಂದು ಕಪ್ಪಾಯಿತು. ಅವರ ಮುಖ ಅರಳಿತು.

ವಾಸನೆ ಮಹಾಲಿಂಗಪ್ಪನ ಮೂಗಿಗೆ ಬಂತು. ಸ್ಪಿರಿಟ್ಟಿನ ವಾಸನೆಯೊಂದೇ ಆಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದರ ಜೊತೆ ಇನ್ನೊಂದಿತ್ತು. ಪ್ಯಾಟರ್ನ್ ಶಾಪಿನಲ್ಲಿ ಮರದ ಅಚ್ಚುಗಳಿಗೆ ಪಾಲಿಶು ಹಚ್ಚಲು ಅರಗಿನ ಚಕ್ಕೆಗಳನ್ನು ರಾತ್ರಿಯೆಲ್ಲ ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬೆಳಗ್ಗೆ ಡಬ್ಬಿ ತೆರೆದಾಗ ಮುಖಕ್ಕೆ ಹೊಡೆಯುವ ಅದೇ ವಾಸನೆ. ಒಂಬತ್ತು ವರ್ಷ ಕುಡಿದ ವಾಸನೆ. ಅವನಿಗೆ ಆ ಕ್ಷಣವೇ ತಿಳಿಯಿತು.

ಸಂಗವ್ವ ಅವನ ಅಂಗಿ ಜಗ್ಗಿದಳು. "ಅದು ಅರಗಿಂದೈತೋ ಮಾಲಿಂಗ. ಬಿಸಿಲಿಗೆ ಸೈತ ಇಡಬ್ಯಾಡ ಅಂದಿದ್ರು. ಅದೇನ ಹಚ್ಚಾಕತ್ತಾನ ಇಂವಾ?"

"ಶ್" ಎಂದ ವೇಣುಗೋಪಾಲ.

ಮಹಾಲಿಂಗಪ್ಪ ಬಾಯಿ ತೆರೆದ. ಎದುರಿಗಿದ್ದವರು ಪರ್ಚೇಸ್ ಮ್ಯಾನೇಜರು. ಅವರೆದುರು ಅವನು ಇಷ್ಟು ವರ್ಷ 'ಹೂನ್ರಿ' ಎಂಬುದನ್ನು ಬಿಟ್ಟು ಹೆಚ್ಚಿಗೆ ಆಡಿರಲಿಲ್ಲ. ಇಷ್ಟೊಂದು ಯಂತ್ರ ಇಟ್ಟವರಿಗೆ, ಇಷ್ಟೊಂದು ಓದಿದವರಿಗೆ ಇಷ್ಟು ತಿಳಿಯದೆ ಇರುತ್ತದೆಯೇ? ಇದು ಬೇರೆ ಜಾತಿಯ ಸ್ಪಿರಿಟ್ಟೇ ಇದ್ದೀತು. ಹೀಗೆ ಒಂದಾದಮೇಲೊಂದು ನೆಪ ಅವನ ತಲೆಯಲ್ಲಿ ಬಂದು ಕೂತವು. ಅವನು ಬಾಯಿ ಮುಚ್ಚಿಕೊಂಡ. ಮೆತ್ತೆ ಇನ್ನೂ ಎಂಟು ಹತ್ತು ಸುತ್ತು ತಿರುಗಿತು.

ಹೊಳಪೆಲ್ಲ ಹೋಗಿ ಪ್ಲೇಟು ಸೆಗಣಿ ಸಾರಿಸಿದ ನೆಲದಂತೆ ಮಂಕಾಗಿತ್ತು. "ಈಗ ನೋಡಿ" ಎಂದು ಬದರೀನಾಥರು ಅದನ್ನು ಇಟ್ಟು, ಸೂಜಿ ಬದಲಿಸಿ, ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದರು. ಅವರ ಹುಬ್ಬು ಮೇಲೇರಿತು. ಎಲ್ಲರೂ ತಲೆದೂಗಿದರು.

"ಹೇಗಿದೆ ಬದರಿ?"

"ಆ ಕಾಲದ ರೆಕಾರ್ಡಿಂಗೇ ಇಷ್ಟು. ಬರೀ ಗಲಾಟೆ. ಆದ್ರೂ ಗಲಾಟೆಗೆ ಒಂದು ಆಳ ಇದೆ, ಕೇಳು."

ವೇಣುಗೋಪಾಲ ಕೇಳಿದ. "ಹಿಂದೆ ಎಲ್ಲೋ ಹೆಂಗಸಿನ ದನಿ ಇದೆ. ಎಡಗಡೆ" ಎಂದ.

"ಆಕೀಗ ಕೇಳಸ್ರಿ" ಎಂದ ಮಹಾಲಿಂಗಪ್ಪ.

ಬದರೀನಾಥರು ಸಂಗವ್ವನ ತಲೆಯನ್ನು ಒಂದು ಸಲ ನೋಡಿದರು. ಅವಳು ಹೊರಡುವಾಗ ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದಳು. ಅವರು ಜೇಬಿನಿಂದ ಕರ್ಚೀಫು ತೆಗೆದು ಅವಳ ತಲೆಯ ಮೇಲೆ ಹಾಸಿ, ಕಿವಿಯನ್ನೂ ಅದರಿಂದ ಮುಚ್ಚಿ, ಅದರ ಮೇಲೆ ಹೆಡ್‌ಫೋನು ಇಟ್ಟರು. ಸೂಜಿಯನ್ನು ಮತ್ತೆ ಮೊದಲಿಗೆ ಒಯ್ದರು.

ಸಂಗವ್ವ ನೆಟ್ಟಗೆ ಕೂತು ಕೇಳಿದಳು. ಮೂರು ನಿಮಿಷ. ಅವಳ ಬೆರಳು ತೊಡೆಯ ಮೇಲೆ ತಾಳ ಹಾಕಲು ಎದ್ದು, ಹಿಡಿಯಲು ಲಯವೇ ಸಿಗದೆ ಹಾಗೆಯೇ ನಿಂತಿತ್ತು. ಸೂಜಿ ಕೊನೆ ಮುಟ್ಟುವ ಮುಂಚೆಯೇ ಅಂಟಿಕೊಂಡು ನಿಂತಿತು. ಅವಳು ಎರಡು ಕೈಯಿಂದ ಹೆಡ್‌ಫೋನು ತೆಗೆದಳು.

"ಮಳಿ ಹೊಡದಂಗ ಆಗತೈತಿ" ಎಂದಳು.

"ಹಾಡು?" ಎಂದ ಮಹಾಲಿಂಗಪ್ಪ.

"ಹಾಡು ಇಲ್ಲ."

"ವಯಸ್ಸಾಯ್ತಲ್ಲ, ಕಿವಿ ಮಂದ" ಎಂದ ವೇಣುಗೋಪಾಲ, ಅವಳಿಗೆ ಕೇಳಿಸದೆಂದು ತಿಳಿದು.

ಬದರೀನಾಥರು ಆ ಕಡೆ ನೋಡಲಿಲ್ಲ. ಹೆಡ್‌ಫೋನಿನ ಮೆತ್ತೆಗೆ ಎಣ್ಣೆ ತಾಗಿದೆಯೇ ಎಂದು ಮೊದಲು ಮೂಸಿದರು. ಆಮೇಲೆ ಸೂಜಿಯ ತುದಿಗೆ ಕಟ್ಟಿದ ಕಂದು ಉಂಡೆಯನ್ನು ಕಂಡು, "ಅಯ್ಯಯ್ಯೋ" ಎಂದು ಭೂತಗನ್ನಡಿ ಹಿಡಿದರು. ಆ ಮನೆಯಲ್ಲಿ ಅವತ್ತು ಕೇಳಿಬಂದ ನಿಜವಾದ ದುಃಖದ ದನಿ ಅದೊಂದೇ.

"ಇನ್ನೊಂದ್ ಸೈಡ್ ಇನ್ನೂ ಚೆನ್ನಾಗಿ ತೊಳೀಬೇಕು" ಎಂದು ಅವರು ಪ್ಲೇಟನ್ನು ತಿರುವಿ ಹಾಕಿ ಸೀಸೆಗೆ ಕೈಹಾಕಿದಾಗ ಮಹಾಲಿಂಗಪ್ಪ ಎದ್ದು ನಿಂತ.

"ಬ್ಯಾಡ್ರಿ ಸಾಹೇಬ್ರ."

"ಏನು?"

"ಅದು ಅರಗಿಂದ್ರಿ. ಸ್ಪಿರಿಟ್‌ನಾಗ ಕರಗತೈತ್ರಿ. ಶಾಪಿನ್ಯಾಗ ನಾವು ಹಿಂಗ ಕರಗಿಸೇ ಪಾಲಿಶ್ ಮಾಡ್ತೀವ್ರಿ. ನೀವು ತೆಗದದ್ದು ಕೊಳಿ ಅಲ್ರಿ. ಪ್ಲೇಟ್."

ವೇಣುಗೋಪಾಲ ಮೆತ್ತೆಯ ಕಡೆ ನೋಡಿದ. ಬದರೀನಾಥರು ಅದನ್ನು ಮೆಲ್ಲಗೆ ಟವೆಲಿನ ಕೆಳಗೆ ಸರಿಸಿದರು.

"ನಂಗೆ ಹೇಳ್ಕೊಡ್ತೀಯೇನಯ್ಯಾ? ಇಪ್ಪತ್ತು ವರ್ಷದಿಂದ ರೆಕಾರ್ಡ್ ತೊಳೀತಿದೀನಿ. ಒಂದಾದ್ರೂ ಹಾಳಾಗಿದ್ಯಾ?"

"ನಿಮ್ಮವು ಅರಗಿನವು ಅಲ್ರಿ."

"ತೊಳೀದೆ ನಾನು ಸೂಜಿ ಇಡಲ್ಲ. ನನ್ನ ಸೂಜಿ ಹೋಗುತ್ತೆ. ಬೇಕಾದ್ರೆ ಕೇಳು, ಬೇಡ್ದಿದ್ರೆ ಬಿಡು."

"ಹಂಗಾರ ಬ್ಯಾಡ್ರಿ" ಎಂದು ಮಹಾಲಿಂಗಪ್ಪ ಅವರ ಕೈಯಿಂದ ಪ್ಲೇಟು ತೆಗೆದುಕೊಂಡ. ಕಿತ್ತುಕೊಂಡ ಎಂದರೆ ಹೆಚ್ಚಾದೀತು.

ಆಗ ಒಳಗೆ ಕುಕ್ಕರು ಕೂಗಿತು. ಒಂದಲ್ಲ, ಎರಡು ಸಲ.

"ಜಯಾ!" ಎಂದು ಬದರೀನಾಥರು ಚೀರಿದರು. ಕೂಗಲು ಏನೋ ಒಂದು ಸಿಕ್ಕಿದ್ದು ಅವರಿಗೆ ಸಮಾಧಾನವಾದಂತಿತ್ತು.

"ಅನ್ನ ಆಗ್ಬೇಡ್ವೇ?" ಎಂದರು ಜಯಾ ಅಡುಗೆಮನೆಯಿಂದಲೇ. ಮೂರನೇ ಸಲವೂ ಕೂಗಿತು.

ಯಶವಂತಪುರದಲ್ಲಿ ಬಸ್ಸಿಳಿಯುವವರೆಗೆ ಸಂಗವ್ವ ಪ್ಲೇಟಿಗೆ ಧೂಳು ತಾಗದಂತೆ ಸೆರಗು ಅಡ್ಡ ಹಿಡಿದಿದ್ದಳು. ಪ್ಲೇಟು ಮಡಿಲಲ್ಲೇ ಇತ್ತು, ಅಂಟುವ ಮಗ್ಗುಲು ಮೇಲೆ. ಸೀರೆ ಸುತ್ತಿದರೆ ಹತ್ತಿಕೊಳ್ಳುತ್ತಿತ್ತು. ಮಹಾಲಿಂಗಪ್ಪ ಬಾಗಲಗುಂಟೆಯ ಬಸ್ಸಿನ ಕಡೆ ಹೋಗದೆ ಮಾರುಕಟ್ಟೆಯ ಬದಿಯ ಗಲ್ಲಿಗೆ ತಿರುಗಿದ.

"ಎಲ್ಲಿಗೆ?"

"ಹಬೀಬುಲ್ಲಾ ಅಂತ ಅದಾನ, ದೊಡ್ಡವ್ವ. ಮೈಕ್ ಸೆಟ್ ಬಾಡಿಗಿ ಕೊಡತಾನ. ಅವನ ಕಡೆ ಹಳೇ ಗ್ರಾಮಫೋನ್ ಪೆಟಿಗಿ ಐತಿ."

ಸಂಗವ್ವ ನಿಂತುಬಿಟ್ಟಳು. "ಬಸ್ ಇಳದಲ್ಲೇ ಇತ್ತೇನು ಇದು? ಮುಂಜಾನೆ ಇದರ ಮುಂದನ ಹಾದು ಹೋದ್ವೇನು?"

ಕಾರ್ಖಾನೆಯ ರಾಜ್ಯೋತ್ಸವಕ್ಕೆ ಮೈಕು ಒಯ್ಯಲು ಬಂದಾಗೆಲ್ಲ ಆ ಪೆಟ್ಟಿಗೆಯನ್ನು ಮಹಾಲಿಂಗಪ್ಪ ನೋಡಿದ್ದ. ಹಬೀಬುಲ್ಲಾ ಅದರ ಮೇಲೆ ಟೀ ಲೋಟ ಇಡುತ್ತಿದ್ದ. ದೊಡ್ಡವ್ವನ ದನಿಯನ್ನು ಅಂಥದರ ಮೇಲೆ ಹಾಕುವುದು ಅವನ ಮನಸ್ಸಿಗೆ ಒಗ್ಗಿರಲಿಲ್ಲ. ಕಲ್ಲಿನ ಮೇಲೆ ಕೂತ ಯಂತ್ರವೇ ಬೇಕೆನ್ನಿಸಿತ್ತು.

ಹಬೀಬುಲ್ಲಾ ಅಂಗಡಿಯ ಬಾಗಿಲಲ್ಲಿ ವೈರು ಸುತ್ತುತ್ತಿದ್ದ. ಪ್ಲೇಟನ್ನು ನೋಡಿದವನೇ ಮಂಕಾದ ಮಗ್ಗುಲಿನ ಮೇಲೆ ಉಗುರು ಆಡಿಸಿ, "ಯಾರು ಸ್ವಾಮಿ ಇದಕ್ಕೆ ಸ್ಪಿರಿಟ್ ಹಾಕಿದ್ದು? ಕತ್ತೆಗೂ ಗೊತ್ತಿರ್ತದೆ" ಎಂದ. ಮಹಾಲಿಂಗಪ್ಪ ನೆಲ ನೋಡಿದ. ಹಬೀಬುಲ್ಲಾ ಲೋಟಗಳನ್ನು ಇಳಿಸಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಇನ್ನೊಂದು ಮಗ್ಗುಲನ್ನು ಅಂಗಿಯ ತುದಿಯಿಂದ ಒರೆಸಿ, ಹಿಡಿ ತಿರುಗಿಸಿ ಮುಳ್ಳು ಇಟ್ಟ.

ಮೊದಲು ಕರಕರ. ಆಮೇಲೆ ಹಾರ್ಮೋನಿಯಂ. ಅದರ ಬೆನ್ನಿಗೇ ಒಂದು ಹೆಣ್ಣಿನ ದನಿ ಹಾಡಿನ ಮಧ್ಯದಿಂದ ಧುಮುಕಿತು. ತೆಳ್ಳಗೆ, ಚೂಪಾಗಿ, ಲಾರಿಗಳ ಹಾರನ್ನನ್ನೂ ಈರುಳ್ಳಿ ಮೂಟೆ ಇಳಿಸುವವರ ಗದ್ದಲವನ್ನೂ ಲೆಕ್ಕಿಸದೆ ಅದು ಅರಸನ ಮೀಸೆಯನ್ನು ಹೀಯಾಳಿಸಿತು, ಅವನ ಕುದುರೆಯನ್ನು ಹೀಯಾಳಿಸಿತು, ಅವನ ಹಿಂದೆ ನಿಂತು ಕೊಡೆ ಹಿಡಿದವರನ್ನು ಹೀಯಾಳಿಸಿತು. ಒಂದು ಕಡೆ ಉಸಿರು ಸಾಲದೆ ಸ್ವರ ಜಾರಿತು. ಜಾರಿದ್ದನ್ನೇ ನಗುವಾಗಿ ತಿರುಗಿಸಿ ಮೇಲೆದ್ದಿತು. ಮೂರು ನಿಮಿಷಕ್ಕೆ ಮುಗಿಯಿತು.

ಸಂಗವ್ವನ ಬೆರಳು ತೊಡೆಯ ಮೇಲೆ ಇನ್ನೂ ಬಡಿಯುತ್ತಿತ್ತು. ಅವಳು ಅಳಲಿಲ್ಲ. ಬಾಯಿಗೆ ಸೆರಗು ಹಿಡಿದು ದನಿಯಿಲ್ಲದೆ ನಕ್ಕಳು.

"ಏನ ಸೊಕ್ಕು ನೋಡು ಹುಡಿಗೀಗೆ" ಎಂದಳು.

"ಯಾರಮ್ಮಾ ಹಾಡಿರೋದು?" ಎಂದ ಹಬೀಬುಲ್ಲಾ. ಈ ಪಿಸುಮಾತಿನ ಮುದುಕಿಗೂ ಆ ದನಿಗೂ ಸಂಬಂಧ ಅವನಿಗೆ ಹೊಳೆದಿರಲಿಲ್ಲ.

ಅವಳು ಮಹಾಲಿಂಗಪ್ಪನ ಕಡೆ ತಿರುಗಿದಳು. "ನಿನಗ ವಾಸನಿ ಬಂದಿತ್ತು. ಮೂಗು ಅರಳಿದ್ದು ನೋಡೇನಿ ನಾ."

"ಹೂನ, ದೊಡ್ಡವ್ವ."

"ಗೊತ್ತಾತಲ್ಲ?"

"ಗೊತ್ತಾತು."

"ಮತ್ತ ಯಾಕ ಕುಂತಿ, ಬಾಯಾಗ ಕಡಬು ಇಟಗೊಂಡಂಗ?"

"ಸಾಹೇಬ್ರು ಅದಾರ. ಅವರಿಗೆ ತಿಳದಿರತೈತಿ ಅಂದಕೊಂಡೆ."

"ನನ್ನ ಗಂಟಲಕ್ಕ ಡಾಕ್ಟರ್ ಕತ್ತರಿ ಹಾಕಿದಾ, ನನಗ ದನಿ ಇಲ್ಲ. ನಿನಗೇನಾಗಿತ್ತೋ?"

ಮಹಾಲಿಂಗಪ್ಪ ಅಂಗಡಿಯ ಕಂಬ ಹಿಡಿದು ನಿಂತ. "ನಾಳಿಗೆ ಹೇಳತೀನಿ" ಎಂದ. "ನೀವು ಹಾಳ ಮಾಡಿದ್ರಿ ಸಾಹೇಬ್ರ, ಅಂತ ಮಾರಿ ಮ್ಯಾಲ ಹೇಳತೀನಿ."

"ನಾಳಿಗೆ ಹೇಳತಾನಂತ!" ಸಂಗವ್ವ ಹಬೀಬುಲ್ಲಾನಿಗೆ ದೂರು ಹೇಳುವವಳಂತೆ ಹೇಳಿದಳು. "ಅದಕ್ಕೂ 'ಸಾಹೇಬ್ರ' ಹಚ್ಚಿ ಹೇಳತಾನಂತ!" ಅವಳು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಸೆರಗು ಸರಿಮಾಡಿಕೊಂಡು ಕೂತಳು. "ಇನ್ನೊಮ್ಮೆ ಹಚ್ಚಪಾ ತಮ್ಮಾ. ನಾ ಕೇಳಿದ್ದಾತು. ಇಂವಗ ಕೇಳಸು. ಅರಸನ ಮುಂದ ನಿಂತು ಹೆಂಗ ಮಾತಾಡಬೇಕು ಅನ್ನೂದು ಹದಿನಾರು ವರ್ಷದಾಕಿ ಕಡಿಂದ ಕಲೀಲಿ."

ಹಬೀಬುಲ್ಲಾ ಮಹಾಲಿಂಗಪ್ಪನ ಮುಖ ನೋಡಿದ, ಮುದುಕಿಯ ಮುಖ ನೋಡಿದ. ಹೊಸ ಮುಳ್ಳು ಹಾಕಿ ಹಿಡಿ ತಿರುಗಿಸಿದ. ಮಹಾಲಿಂಗಪ್ಪ ಕಂಬ ಬಿಟ್ಟು, ಕೈಕಟ್ಟಿ, ಪೆಟ್ಟಿಗೆಯ ಎದುರಿಗೆ ಬಂದು ನಿಂತ.